ಮೇಡಂ ಬೈದರು, ಸರ್ ಮೆಸೇಜ್ ಮಾಡಿದರು: ನರ್ಸಿಂಗ್ ಮಕ್ಕಳ ಪತ್ರಗಳಿಗೆ ಉತ್ತರ

ನರ್ಸಿಂಗ್ ಓದುವವರು, ಕಲಿಸುವವರು ಇಬ್ಬರೂ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳು ಬಂದವು ನೋಡಿ, ಮುಗಿಯುವ ಹಾಗೇ ಕಾಣಲಿಲ್ಲ. ಜಾಸ್ತಿ ಪತ್ರ ಮಕ್ಕಳದ್ದೇ. ಮೇಡಂ ಹೀಗೆ, ಸರ್ ಹಾಗೆ ಅಂತ. ಟ್ಯೂಟರ್‌ಗಳೂ ಬರೆದಿದ್ದಾರೆ, ಕಡಿಮೆ, ಆದರೆ ಅವರ ಪತ್ರಗಳಲ್ಲಿ ಸುಸ್ತು ಎದ್ದು ಕಾಣುತ್ತದೆ. ಹೆಸರು, ಕಾಲೇಜು ಎಲ್ಲ ತೆಗೆದಿದ್ದೇವೆ. ಉದ್ದ ಇದ್ದದ್ದನ್ನು ಮೊಟಕು ಮಾಡಿದ್ದೇವೆ. ಉತ್ತರ ಕೊಡುತ್ತಿರುವ ನಾನು ಮೊದಲು ವಾರ್ಡಿನಲ್ಲಿ ಸಿಸ್ಟರ್, ಆಮೇಲೆ ಕಾಲೇಜಿನಲ್ಲಿ ಮೇಡಂ, ಈಗ ನಿವೃತ್ತೆ. ಹಾಗಾಗಿ ಎರಡೂ ಕಡೆಯವರನ್ನು ಬೈಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಪ್ರಶ್ನೆ: ನಾನು ಬಿಎಸ್ಸಿ ನರ್ಸಿಂಗ್ ಮೂರನೇ ಸೆಮಿಸ್ಟರ್. ಪೋಸ್ಟಿಂಗ್‌ನಲ್ಲಿ (ವಾರ್ಡಿನ ತರಬೇತಿಯಲ್ಲಿ) ನಮ್ಮ ಮೇಡಂ ಪೇಷೆಂಟ್ ಎದುರಿಗೇ ಬೈಯುತ್ತಾರೆ. ಮೊನ್ನೆ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ, ಅದೇ ಕಫ್, ಉಲ್ಟಾ ಕಟ್ಟಿಬಿಟ್ಟೆ. "ನಿನಗೆಲ್ಲ ಯಾರು ಸೀಟು ಕೊಟ್ಟರು? ಮನೆಗೆ ಹೋಗಿ ಮದುವೆ ಮಾಡ್ಕೋ" ಎಂದರು. ಬೆಡ್‌ನಲ್ಲಿದ್ದ ಅಜ್ಜಿ "ಬೈಬೇಡಿ ಮೇಡಂ, ಪಾಪ ಮಗು" ಎಂದಾಗ ಇನ್ನೂ ಅಳು ಬಂತು. ಬೆಳಿಗ್ಗೆ ಕಾಲೇಜು ಬಸ್ ಹತ್ತುವಾಗಲೇ ಹೊಟ್ಟೆ ತೊಳಸುತ್ತದೆ. ಕೋರ್ಸ್ ಬಿಟ್ಟುಬಿಡಲಾ? (ಹಾಸನ)

ಉತ್ತರ: ಬಿಡಬೇಡ. ಕಫ್ ಉಲ್ಟಾ ಕಟ್ಟಿದ್ದಕ್ಕೆಲ್ಲ ಕೋರ್ಸ್ ಬಿಡುವುದಾದರೆ ಈ ರಾಜ್ಯದಲ್ಲಿ ಒಬ್ಬ ನರ್ಸೂ ಉಳಿಯುತ್ತಿರಲಿಲ್ಲ.

ಮೇಡಂ ಹೇಳಿದ್ದರಲ್ಲಿ ಎರಡು ಮಾತಿದೆ. ಕಫ್ ತಪ್ಪು ಕಟ್ಟಿದ್ದೀಯ ಅನ್ನುವುದು ಒಂದು. ಅದು ಸರಿ, ಅದನ್ನು ಹೇಳಲೇಬೇಕು, ಅಲ್ಲೇ ಹೇಳಬೇಕು, ಯಾಕೆಂದರೆ ತಪ್ಪು ರೀಡಿಂಗ್ ಕೇಸ್ ಶೀಟಿಗೆ ಹೋದರೆ ಡಾಕ್ಟರು ಅದನ್ನೇ ನಂಬಿ ಮಾತ್ರೆ ಬರೆಯುತ್ತಾರೆ. ಮದುವೆ ಮಾಡ್ಕೋ ಅನ್ನುವುದು ಇನ್ನೊಂದು. ಅದಕ್ಕೂ ಬಿಪಿಗೂ ಏನೂ ಸಂಬಂಧ ಇಲ್ಲ. ಹುಡುಗರಿಗೆ ಈ ಮಾತು ಯಾರೂ ಹೇಳುವುದಿಲ್ಲ, ಗಮನಿಸಿದ್ದೀಯಾ? ಮೊದಲನೇದನ್ನು ಇಟ್ಟುಕೋ. ಎರಡನೇದನ್ನು ಆ ಬೆಡ್ ಹತ್ತಿರವೇ ಬಿಟ್ಟು ಬಾ.

ಈಗ ಸ್ವಲ್ಪ ಮೇಡಂ ಕಡೆ ಹೋಗೋಣ. 10 ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು ಇರಬೇಕು ಅಂತ ನರ್ಸಿಂಗ್ ಕೌನ್ಸಿಲ್ ನಿಯಮ. ವಾರ್ಡಿಗೆ ಬಂದು ನೋಡಿದರೆ ಒಬ್ಬ ಟ್ಯೂಟರ್ ಹಿಂದೆ ಇಡೀ ಬ್ಯಾಚ್ ಸಾಲಾಗಿ ನಿಂತಿರುತ್ತದೆ. ಒಬ್ಬಳು ಸ್ಪಂಜ್ ಬಾತ್ ಕೊಡುತ್ತಿದ್ದಾಳೆ, ಇನ್ನೊಬ್ಬಳು ಡ್ರೆಸ್ಸಿಂಗ್ ಟ್ರಾಲಿ ಹತ್ತಿರ, ಮತ್ತೊಬ್ಬ ಕಾರಿಡಾರಿನಲ್ಲಿ ಫೋನ್ ನೋಡುತ್ತಿದ್ದಾನೆ, ಅಷ್ಟರಲ್ಲಿ ಇನ್‌ಚಾರ್ಜ್ ಸಿಸ್ಟರ್ ಬಂದು "ನಿಮ್ಮ ಸ್ಟೂಡೆಂಟ್ಸ್ ನಮ್ಮ ಥರ್ಮಾಮೀಟರ್ ಒಡೆದಿದ್ದಾರೆ" ಎನ್ನುತ್ತಾರೆ. ಏನೇ ಎಡವಟ್ಟಾದರೂ ಹೆಸರು ಮೇಡಂದೇ. ಜೊತೆಗೆ ಅವರೂ ಹೀಗೇ ಬೈಸಿಕೊಂಡು ಕಲಿತವರು. ನಮ್ಮ ಕಾಲದಲ್ಲಿ ಬೆಡ್ ಮೇಕಿಂಗ್ ಪರೀಕ್ಷೆ ಅಂದರೆ, ನಾವು ಬೆವರು ಸುರಿಸಿ ಮೂಲೆ ಮಡಚಿದ ಶೀಟನ್ನು ಮೇಡಂ ಎರಡು ಬೆರಳಲ್ಲಿ ಹಿಡಿದು ಒಂದೇ ಎಳೆತಕ್ಕೆ ಕಿತ್ತು ಕೆಳಗೆ ಹಾಕುವುದು. ಮಾತೇ ಇಲ್ಲ. ಗಡಿಯಾರದ ಕಡೆ ನೋಡುವುದು ಅಷ್ಟೆ. ಪೇಷೆಂಟ್ ಪಕ್ಕದ ಸ್ಟೂಲಿನ ಮೇಲೆ ಡ್ರಿಪ್ ಬಾಟಲಿ ಹಿಡಿದುಕೊಂಡು ಕೂತಿರುತ್ತಿದ್ದ, ಪಾಪ, ಯಾವಾಗ ಮಲಗಲಿ ಅಂತ.

ಇದೆಲ್ಲ ಕಾರಣ, ಸಮರ್ಥನೆ ಅಲ್ಲ. ಹೆದರಿಸಿದರೆ ಮಕ್ಕಳು ಶಿಸ್ತು ಕಲಿಯುತ್ತಾರೆ ಅನ್ನುವ ಟ್ಯೂಟರ್‌ಗಳಿಗೆ ನಾನು ಒಂದೇ ಹೇಳುವುದು: ನಿಮ್ಮ ವಾರ್ಡಿನ ಟಿಪಿಆರ್ ಚಾರ್ಟ್ (ಜ್ವರ, ನಾಡಿ, ಉಸಿರಾಟ ಬರೆಯುವ ಹಾಳೆ) ತೆಗೆದು ಉಸಿರಾಟದ ಸಾಲು ನೋಡಿ. 20, 20, 20, 20. ಹತ್ತು ಜನ ಪೇಷೆಂಟ್‌ಗೂ 20. ಉಬ್ಬಸದವನಿಗೂ 20, ನೆಗಡಿಯವನಿಗೂ 20. ಪೂರ್ತಿ ಒಂದು ನಿಮಿಷ ಎದೆ ನೋಡಿ ಎಣಿಸಬೇಕು ಅಂತ ನೀವೇ ಕಲಿಸಿರುತ್ತೀರಿ. ಆದರೆ ಮೇಡಂ ಬರುವುದರೊಳಗೆ ಚಾರ್ಟ್ ತುಂಬಿರದಿದ್ದರೆ ಬೈಗುಳ, ತುಂಬಿದ್ದರೆ ಸುಮ್ಮನಿರುತ್ತಾರೆ ಅಂತ ಮಕ್ಕಳು ಬೇಗ ತಿಳಿದುಕೊಳ್ಳುತ್ತಾರೆ. ಹೆದರಿದ ಹುಡುಗಿ ಎಣಿಸುವುದಿಲ್ಲ, ಬರೆಯುತ್ತಾಳೆ.

ನೀನು ಏನು ಮಾಡಬೇಕು? ಪೋಸ್ಟಿಂಗ್ ಮುಗಿದ ಮೇಲೆ, ವಾರ್ಡಿನ ಹೊರಗೆ, ಮೇಡಂ ಒಬ್ಬರೇ ಇದ್ದಾಗ ಹೋಗು. "ಮೇಡಂ, ಕಫ್ ಕಟ್ಟುವುದನ್ನು ಇನ್ನೊಂದು ಸಲ ತೋರಿಸಿ. ಪೇಷೆಂಟ್ ಎದುರಿಗೆ ಬೈದರೆ ನನಗೆ ಕೈ ನಡುಗುತ್ತದೆ, ಪಕ್ಕಕ್ಕೆ ಕರೆದು ಹೇಳಿದರೆ ತಿದ್ದಿಕೊಳ್ಳುತ್ತೇನೆ" ಅಷ್ಟೇ ಹೇಳು. ಮೊದಲು ಕಲಿಸಿ ಅಂತ ಕೇಳು, ಆಮೇಲೆ ದೂರು. ಈ ಕ್ರಮ ಮುಖ್ಯ. ಹತ್ತರಲ್ಲಿ ಆರೇಳು ಮೇಡಂಗಳು ಅಲ್ಲೇ ಮೆತ್ತಗಾಗುತ್ತಾರೆ. ಆಗದಿದ್ದರೆ ಕ್ಲಾಸ್ ಕೋಆರ್ಡಿನೇಟರ್, ಆಮೇಲೆ ಪ್ರಿನ್ಸಿಪಾಲರು. ಅಲ್ಲಿಗೆ ಹೋಗುವಾಗ "ಯಾವಾಗಲೂ ಬೈಯುತ್ತಾರೆ" ಅಂತ ಹೇಳಿದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಯಾವ ದಿನ, ಯಾವ ವಾರ್ಡ್, ಯಾವ ಮಾತು, ಯಾರಿದ್ದರು ಅಂತ ಬರೆದುಕೊಂಡು ಹೋಗು. ಅಷ್ಟರಲ್ಲಿ ಹಾಸ್ಟೆಲ್‌ನಲ್ಲಿ ರೂಮ್‌ಮೇಟ್‌ಗಳ ತೋಳು ಹಿಡಿದು ಬಿಪಿ ನೋಡುವುದನ್ನು ಅಭ್ಯಾಸ ಮಾಡು. ಕಫ್‌ನ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ, ಗುರುತು ರಕ್ತನಾಳದ ಮೇಲೆ.

ಪೋಸ್ಟಿಂಗ್‌ಗೆ ಚಕ್ಕರ್ ಮಾತ್ರ ಹೊಡೆಯಬೇಡ. ಪರೀಕ್ಷೆಗೆ ಕೂರಲು 80 ಪರ್ಸೆಂಟ್ ಹಾಜರಿ ಸಾಕು, ಆದರೆ ಡಿಗ್ರಿ ಕೈಗೆ ಬರುವ ಮೊದಲು ಕ್ಲಿನಿಕಲ್ ಹಾಜರಿ 100 ಪರ್ಸೆಂಟ್ ಆಗಲೇಬೇಕು. ಇವತ್ತು ತಪ್ಪಿಸಿಕೊಂಡ ಡ್ಯೂಟಿಯನ್ನು ರಜೆಯಲ್ಲಿ ಮಾಡಬೇಕಾಗುತ್ತದೆ, ಬಹುಶಃ ಅದೇ ಮೇಡಂ ಜೊತೆ. ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು ಹೀಗೇ ಮುಂದುವರಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿಗೆ ಮುಚ್ಚಳ ಹಾಕುವಾಗ ಬೆರಳಿಗೆ ಚುಚ್ಚಿತು. ಮುಚ್ಚಳ ಹಾಕಬಾರದು ಅಂತ ಮೇಡಂ ನೂರು ಸಲ ಹೇಳಿದ್ದರು, ಅದಕ್ಕೇ ಹೇಳಲು ಹೆದರಿಕೆ. ಸ್ಪಿರಿಟ್ ಹಚ್ಚಿ ಸುಮ್ಮನಾದೆ. ಈಗ ಯೋಚನೆ ಆಗುತ್ತಿದೆ. (ಊರು ಬರೆದಿಲ್ಲ)

ಉತ್ತರ: ಈ ಪತ್ರಕ್ಕೆ ಪತ್ರಿಕೆ ಅಚ್ಚಾಗುವವರೆಗೆ ಕಾಯಲಿಲ್ಲ, ಕೊಟ್ಟಿದ್ದ ಮೇಲ್‌ಗೆ ಆವತ್ತೇ ಉತ್ತರ ಹೋಗಿದೆ. ಬೇರೆಯವರಿಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಸೂಜಿ ಚುಚ್ಚಿದರೆ ಹಿಂಡಬೇಡಿ, ಬಾಯಿಗೆ ಇಟ್ಟುಕೊಳ್ಳಬೇಡಿ, ಸ್ಪಿರಿಟ್ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ತಕ್ಷಣ ಇನ್‌ಚಾರ್ಜ್ ಸಿಸ್ಟರ್‌ಗೆ ಅಥವಾ ಮೇಡಂಗೆ ಹೇಳಿ. ಆ ಪೇಷೆಂಟ್‌ನ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ವಿಷಯ ನೋಡಬೇಕು, ನಿಮ್ಮ ರಕ್ತವನ್ನೂ ಪರೀಕ್ಷೆಗೆ ಕೊಡಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂತಾದರೆ ಮೊದಲ ಡೋಸ್ ಎರಡು ಗಂಟೆಯೊಳಗೆ ಆದರೆ ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಶುರು ಮಾಡಿದರೆ 28 ದಿನ ಬಿಡದೆ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆಯಾ, ಈಗಲೇ ನೋಡಿಕೊಳ್ಳಿ. ಎಷ್ಟೋ ಜನ ಒಂದು ಹಾಕಿಸಿಕೊಂಡು ಮರೆತಿರುತ್ತೀರಿ.

ಮೇಡಂ ಬೈಯುತ್ತಾರಾ? ಬೈಯಬಹುದು. ಬೈಗುಳ ಸಂಜೆಗೆ ಮುಗಿಯುತ್ತದೆ. ಟ್ಯೂಟರ್‌ಗಳೇ, ನೀವೂ ಒಂದು ಕೆಲಸ ಮಾಡಿ. ಪ್ರತಿ ಹೊಸ ಬ್ಯಾಚ್‌ಗೆ ಮೊದಲ ದಿನವೇ, "ಸೂಜಿ ಚುಚ್ಚಿದೆ ಅಂತ ಹೇಳಿದವರಿಗೆ ನಾನು ಬೈಯುವುದಿಲ್ಲ, ಮುಚ್ಚಿಟ್ಟವರಿಗೆ ಬೈಯುತ್ತೇನೆ" ಅಂತ ಬಾಯಿಬಿಟ್ಟು ಹೇಳಿ. ಹೇಳಿದ ಹಾಗೆ ನಡೆದುಕೊಳ್ಳಿ.

ಪ್ರಶ್ನೆ: ಜಿಎನ್ಎಂ (ನರ್ಸಿಂಗ್ ಡಿಪ್ಲೊಮಾ) ಎರಡನೇ ವರ್ಷ. ಮೇಡಂ ಒಂದು ಥರ ಹೇಳಿಕೊಡುತ್ತಾರೆ, ವಾರ್ಡ್ ಸಿಸ್ಟರ್ ಇನ್ನೊಂದು ಥರ ಮಾಡಿಸುತ್ತಾರೆ. ಡ್ರೆಸ್ಸಿಂಗ್ ಮಾಡಲು ಪೂರ್ತಿ ಟ್ರೇ ಜೋಡಿಸಿದರೆ ಸಿಸ್ಟರ್ "ಏನಮ್ಮ, ಪೂಜೆ ಮಾಡ್ತಿದ್ದೀಯಾ, ಬೇಗ ಮುಗಿಸು" ಎನ್ನುತ್ತಾರೆ. ಸಿಸ್ಟರ್ ಹೇಳಿದ ಹಾಗೆ ಮಾಡಿದರೆ ಮೇಡಂ ಮಾರ್ಕ್ಸ್ ಕಟ್ ಮಾಡುತ್ತಾರೆ. ಯಾರ ಮಾತು ಕೇಳಲಿ? (ದಾವಣಗೆರೆ)

ಉತ್ತರ: ಪೂಜೆ ಮಾಡ್ತಿದ್ದೀಯಾ! ಈ ಮಾತು ಎಷ್ಟು ವರ್ಷದಿಂದ ವಾರ್ಡಿನಲ್ಲಿ ಓಡಾಡುತ್ತಿದೆಯೋ ದೇವರಿಗೇ ಗೊತ್ತು.

ಸಿಸ್ಟರ್ ಸೋಮಾರಿ ಅಂತ ಅಂದುಕೊಳ್ಳಬೇಡ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡ್ ನೋಡುವವರು ಪುಸ್ತಕದ ಹಾಗೆ ಹದಿನೆಂಟು ಸಾಮಾನು ಜೋಡಿಸಿ ಕೂತರೆ ಬೆಳಗಾಗುತ್ತದೆ. ಅವರು ಅನುಭವದಿಂದ ಕೆಲವು ಹೆಜ್ಜೆ ಹಾರಿಸುತ್ತಾರೆ. ಕೆಲವು ಹಾರಿಸಬಹುದು, ಕೆಲವು ಹಾರಿಸಲೇಬಾರದು. ಟ್ರೇಯಲ್ಲಿ ಮ್ಯಾಕಿಂಟಾಷ್ ಅನ್ನುವ ರಬ್ಬರ್ ಶೀಟು ಹಾಸಿಲ್ಲ, ಸಾಮಾನು ಎಡದಿಂದ ಬಲಕ್ಕೆ ಜೋಡಿಸಿಲ್ಲ, ಪರವಾಗಿಲ್ಲ, ಜನ ಸಾಯುವುದಿಲ್ಲ. ಆದರೆ ಕೈ ತೊಳೆಯುವುದು, ಪೇಷೆಂಟ್ ಹೆಸರು ಕೇಳಿ ಕೇಸ್ ಶೀಟಿನ ಜೊತೆ ತಾಳೆ ನೋಡುವುದು, ಔಷಧಿ ಯಾವುದು, ಎಷ್ಟು, ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಅಂತ ನೋಡುವುದು, ಸ್ಟೆರೈಲ್ ವಸ್ತುವನ್ನು ಬರಿಗೈಯಲ್ಲಿ ಮುಟ್ಟದಿರುವುದು, ಇವನ್ನು ಮೇಟ್ರನ್ ಬಂದು ಬಿಡು ಅಂದರೂ ಬಿಡಬೇಡ.

ಇನ್ನೊಂದು. ಸಿಸ್ಟರ್ "ಹೋಗಿ ಆ ಮೂರು ಬೆಡ್‌ಗೆ ಐವಿ ಇಂಜೆಕ್ಷನ್ ಕೊಟ್ಟು ಬಾ" ಅಂತ ಒಬ್ಬಳನ್ನೇ ಕಳಿಸಿದರೆ, "ಸಿಸ್ಟರ್, ನೀವು ಪಕ್ಕದಲ್ಲಿದ್ದರೆ ಕೊಡ್ತೀನಿ" ಅನ್ನು. ನೀನು ಇನ್ನೂ ನರ್ಸ್ ಅಂತ ರಿಜಿಸ್ಟರ್ ಆಗಿಲ್ಲ. ಕಲಿಯಲು ಬಂದಿದ್ದೀಯ, ಖಾಲಿ ಇರುವ ಸ್ಟಾಫ್ ಜಾಗ ತುಂಬಲು ಅಲ್ಲ. ಇದನ್ನು ಸಿಟ್ಟಿನಿಂದ ಹೇಳಿದರೆ ಜಗಳ, ನಗುತ್ತಾ ಹೇಳಿದರೆ ಸಿಸ್ಟರ್ ಗೊಣಗಿಕೊಂಡಾದರೂ ಬರುತ್ತಾರೆ. ಮತ್ತೆ ಮೇಡಂಗೂ ಹೇಳು. ವಾರ್ಡ್ ಸಿಸ್ಟರ್ ಹತ್ತಿರ ಕೂತು ಮಾತಾಡುವುದು ಅವರ ಕೆಲಸ, ಇಬ್ಬರ ನಡುವೆ ಸಿಕ್ಕಿಕೊಂಡ ನಿನ್ನದಲ್ಲ.

ಪ್ರಶ್ನೆ: ನಾನು ಟ್ಯೂಟರ್. ಬಿಎಸ್ಸಿ ಮುಗಿಸಿ ಆಸ್ಪತ್ರೆಯಲ್ಲಿ ಒಂದು ವರ್ಷ ಮಾಡಿ ಇದೇ ಕಾಲೇಜಿಗೆ ಸೇರಿದೆ. ನನ್ನ ಫೈನಲ್ ಇಯರ್ ಮಕ್ಕಳಿಗೂ ನನಗೂ ಎರಡು ಮೂರು ವರ್ಷದ ಅಂತರ. ಕೆಲವರು ನನ್ನ ಜೂನಿಯರ್ಸ್ ಆಗಿದ್ದವರೇ. ಅಕ್ಕಾ ಅಂತಲೇ ಕರೆಯುತ್ತಾರೆ, ಕ್ಲಾಸಿನಲ್ಲಿ ನಗುತ್ತಾರೆ, ರಾತ್ರಿ ಗ್ರೂಪಿನಲ್ಲಿ "ಅಕ್ಕಾ ನಾಳೆ ಸೆಷನಲ್ ಟೆಸ್ಟ್ ಮುಂದೂಡಿ ಪ್ಲೀಸ್" ಎಂದು ಮೀಮ್ ಹಾಕುತ್ತಾರೆ. ಸ್ಟ್ರಿಕ್ಟ್ ಆದರೆ "ಈಗ ದೊಡ್ಡ ಮೇಡಂ ಆಗ್ಬಿಟ್ರು" ಅಂತ ಚುಚ್ಚುತ್ತಾರೆ. ಪ್ರಿನ್ಸಿಪಾಲರು "ನಿನಗೆ ಕಂಟ್ರೋಲ್ ಇಲ್ಲ" ಎನ್ನುತ್ತಾರೆ. (ತುಮಕೂರು)

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅಕ್ಕಾ ಅನ್ನಿಸಿಕೊಳ್ಳುವುದು ಕೆಟ್ಟದ್ದೇನಲ್ಲ. ಹಾಸ್ಟೆಲ್‌ನಲ್ಲಿ ಅಕ್ಕ ಆಗಿರಿ. ವಾರ್ಡಿನಲ್ಲಿ ಮಾತ್ರ ಮೇಡಂ ಅನ್ನಿಸಿಕೊಳ್ಳಲೇಬೇಕು, ನಿಮ್ಮ ದೊಡ್ಡಸ್ತಿಕೆಗಾಗಿ ಅಲ್ಲ. ಅಲ್ಲಿ "ನಿಲ್ಲಿಸು, ಆ ಔಷಧಿ ಹಾಕಬೇಡ" ಅಂತ ನೀವು ಹೇಳಿದಾಗ ಆ ಹುಡುಗಿ ಯೋಚನೆ ಮಾಡದೆ ಕೈ ನಿಲ್ಲಿಸಬೇಕು. ಅಕ್ಕನ ಮಾತಿಗೆ ವಾದ ಮಾಡುತ್ತಾರೆ.

ಇದಕ್ಕೆ ಸ್ಟ್ರಿಕ್ಟ್ ಆಗಬೇಕಿಲ್ಲ. ಮುಖ ಗಂಟು ಹಾಕಿಕೊಂಡ ಟ್ಯೂಟರ್‌ಗೆ ಮಕ್ಕಳು ಹೆದರುತ್ತಾರೆ, ಹಿಂದಿನಿಂದ ಅಣಕಿಸುತ್ತಾರೆ. ಹೇಳಿದ ದಿನ ಹೇಳಿದ ಪರೀಕ್ಷೆ ತೆಗೆದುಕೊಳ್ಳುವ ಟ್ಯೂಟರ್‌ಗೆ ತಾನಾಗಿ ಮರ್ಯಾದೆ ಬರುತ್ತದೆ. ನೀವು ಒಂದು ಸಲ ಸೆಷನಲ್ ಮುಂದೂಡಿದ್ದೀರಿ ಅಂತ ನನ್ನ ಅನುಮಾನ. ಹೌದು ತಾನೆ? ಅಲ್ಲಿಂದಲೇ ಶುರು. ಆ ಗ್ರೂಪಿಗೆ ನೋಟಿಸ್ ಹಾಕಲು ಮಾತ್ರ ಅವಕಾಶ ಇಡಿ, ಅಡ್ಮಿನ್ ಬಿಟ್ಟು ಬೇರೆಯವರು ಬರೆಯದ ಹಾಗೆ. ಪ್ರಶ್ನೆ ಇದ್ದವರು ಸ್ಟಾಫ್ ರೂಮಿಗೆ ಬರಲಿ. ಸಂಜೆ ಏಳರ ಮೇಲೆ ಉತ್ತರ ಕೊಡುವುದಿಲ್ಲ ಅಂತ ಹೇಳಿ, ಹೇಳಿದ ಹಾಗೇ ಇರಿ.

ಕೇರ್ ಪ್ಲಾನ್ (ಪೇಷೆಂಟ್ ಆರೈಕೆ ಬಗ್ಗೆ ಮಕ್ಕಳು ಬರೆಯುವ ಯೋಜನೆ) ತಿದ್ದುವುದರಲ್ಲೂ ನಿಮ್ಮ ಕೈ ಕಾಣಬೇಕು. ಎಷ್ಟೋ ಟ್ಯೂಟರ್‌ಗಳು ಕೆಂಪು ಪೆನ್ನಿನಲ್ಲಿ ಕೊನೇ ಪುಟಕ್ಕೆ ಒಂದು ಸಹಿ ಗೀಚಿ ಕೊಡುತ್ತಾರೆ. ಮಕ್ಕಳೂ ಸೀನಿಯರ್ ಬರೆದದ್ದನ್ನೇ ಇಳಿಸಿರುತ್ತಾರೆ, ಗಂಡಸು ಪೇಷೆಂಟ್‌ನ ಕೇರ್ ಪ್ಲಾನಿನಲ್ಲಿ "ಅವಳು" ಅಂತ ಇರುತ್ತದೆ. ನೀವು ಒಂದು ಕೇರ್ ಪ್ಲಾನ್ ಪೂರ್ತಿ ಓದಿ, ಆ ಹುಡುಗನನ್ನು ಆ ಬೆಡ್ ಹತ್ತಿರ ಕರೆದುಕೊಂಡು ಹೋಗಿ, "ನೋವು ಕಡಿಮೆ ಆಗಿದೆ ಅಂತ ಬರೆದಿದ್ದೀಯ, ಇವರನ್ನು ಕೇಳಿದೆಯಾ?" ಅಂತ ಕೇಳಿ. ಮೆಲ್ಲಗೆ ಕೇಳಿ. ಮರುದಿನ ಇಡೀ ಬ್ಯಾಚಿಗೆ ಸುದ್ದಿ ಹೋಗಿರುತ್ತದೆ. ನಿಮ್ಮ ವಯಸ್ಸು ಚಿಕ್ಕದಿರುವುದು ಇಲ್ಲಿ ಲಾಭವೇ. ಮೊನ್ನೆ ಮೊನ್ನೆವರೆಗೆ ವಾರ್ಡಿನಲ್ಲಿ ದುಡಿದ ಕೈ ನಿಮ್ಮದು. ಹತ್ತು ವರ್ಷದಿಂದ ರಕ್ತನಾಳಕ್ಕೆ ಕ್ಯಾನುಲಾ ಕೊಳವೆ ಹಾಕದ ಪ್ರೊಫೆಸರ್‌ಗಿಂತ ನೀವು ಚೆನ್ನಾಗಿ ತೋರಿಸಬಲ್ಲಿರಿ. (ಪ್ರೊಫೆಸರ್‌ಗಳು ಸಿಟ್ಟಾಗಿ ಪತ್ರ ಬರೆಯಲಿ, ಹಾಕುತ್ತೇವೆ.)

ಪ್ರಿನ್ಸಿಪಾಲರಿಗೆ ಒಂದು ಮಾತು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಥಿಯರಿ, ಇನ್‌ಸ್ಪೆಕ್ಷನ್ ಬಂದರೆ ಫೈಲು, ಕೆಲವು ಖಾಸಗಿ ಕಾಲೇಜುಗಳಲ್ಲಿ ಬೇಸಿಗೆಯಲ್ಲಿ ಪಿಯುಸಿ ಮಕ್ಕಳ ಮನೆ ಬಾಗಿಲಿಗೆ ಹೋಗಿ ಅಡ್ಮಿಷನ್ ಹಿಡಿಯುವುದು, ಇಷ್ಟನ್ನೂ ಕೈಗೆ ಬರುವ ಅಷ್ಟೇ ಅಷ್ಟು ಸಂಬಳಕ್ಕೆ ಮಾಡಿಸಿ ಕಂಟ್ರೋಲ್ ಇಲ್ಲ ಅಂದರೆ ಹೇಗೆ? ಹೊಸ ಟ್ಯೂಟರ್ ಜೊತೆ ಮೊದಲ ಕೆಲವು ವಾರ ಒಬ್ಬ ಹಳಬರನ್ನು ವಾರ್ಡಿಗೆ ಕಳಿಸಿ.

ಪ್ರಶ್ನೆ: ನಮ್ಮ ಕಾಲೇಜಿನ ಒಬ್ಬ ಸರ್ ಮೊದಲು ಅಸೈನ್‌ಮೆಂಟ್ ಬಗ್ಗೆ ಮೆಸೇಜ್ ಮಾಡುತ್ತಿದ್ದರು. ಈಗ ರಾತ್ರಿ ಹನ್ನೊಂದಕ್ಕೆ "ಮಲಗಿದ್ಯಾ", "ಇವತ್ತು ಯೂನಿಫಾರ್ಮಲ್ಲಿ ಚೆನ್ನಾಗಿ ಕಾಣ್ತಿದ್ದೆ". ಉತ್ತರ ಕೊಡದಿದ್ದಾಗ "ಇಂಟರ್ನಲ್ಸ್ ನನ್ನ ಕೈಯಲ್ಲಿದೆ ಅಂತ ಗೊತ್ತಲ್ಲ" ಎಂದು ನಗುವ ಎಮೋಜಿ ಹಾಕಿದರು. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆ. ಬ್ಲಾಕ್ ಮಾಡಿದರೆ ಸಾಕಾ? (ಹೆಸರು, ಊರು ಬೇಡ)

ಉತ್ತರ: ಮೊದಲು ಇದು ತಿಳಿದುಕೋ, ನೀನು ಏನೂ ತಪ್ಪು ಮಾಡಿಲ್ಲ. ಮೊದಮೊದಲು ಅಸೈನ್‌ಮೆಂಟ್ ಮೆಸೇಜಿಗೆ ನಗುಮುಖದ ಉತ್ತರ ಕೊಟ್ಟಿದ್ದರೂ ತಪ್ಪು ನಿನ್ನದಾಗುವುದಿಲ್ಲ.

ಆ ಎಮೋಜಿ ಇದೆಯಲ್ಲ, ಅದು ತಮಾಷೆ ಅಲ್ಲ. ಒಂದು ವಿಷಯದ 100 ಅಂಕದಲ್ಲಿ 25 ಇಂಟರ್ನಲ್ಸ್, ಅಂದರೆ ಕಾಲೇಜಿನವರೇ ಹಾಕುವ ಅಂಕ; ಪ್ರಾಕ್ಟಿಕಲ್‌ನಲ್ಲೂ ಒಂದು ಭಾಗ ಕಾಲೇಜಿನದ್ದೇ. ಅದನ್ನು ಎದುರಿಗಿಟ್ಟು ರಾತ್ರಿ ಮೆಸೇಜಿಗೆ ಉತ್ತರ ಕೇಳುವುದು ಲೈಂಗಿಕ ಕಿರುಕುಳವೇ. ಸೂಕ್ಷ್ಮವಾಗಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ಮೆಸೇಜ್ ಒಂದನ್ನೂ ಅಳಿಸಬೇಡ. ಹೆಸರು, ನಂಬರ್, ದಿನ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು, ನಂಬುವ ಒಬ್ಬರಿಗೆ ಕಳಿಸಿ ಇಡು. ಆಮೇಲೆ ಬೇಕಾದರೆ ಬ್ಲಾಕ್ ಮಾಡು. ಅದಕ್ಕೂ ಮೊದಲು "ಸರ್, ಓದಿನ ವಿಷಯ ಬಿಟ್ಟು ಬೇರೆ ಮೆಸೇಜ್ ಮಾಡಬೇಡಿ" ಅಂತ ಒಂದೇ ಸಾಲು ಕಳಿಸಿದರೆ ಮುಂದೆ ಉಪಯೋಗಕ್ಕೆ ಬರುತ್ತದೆ. ಕಳಿಸಲು ಹೆದರಿಕೆ ಆದರೆ ಬಿಡು, ಕಡ್ಡಾಯ ಏನಲ್ಲ. ಅವರು ಒಬ್ಬರೇ ಇರುವ ರೂಮಿಗೆ ಕೇಸ್ ಸ್ಟಡಿ ತೋರಿಸಲು ಒಬ್ಬಳೇ ಹೋಗಬೇಡ.

ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಹಿರಿಯ ಮಹಿಳೆ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೊರಗಿನವರೂ ಒಬ್ಬರು. ಕಾಲೇಜುಗಳಿಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರಲ್ಲಿ ಬೇರೆಯೇ ನಿಯಮ ತಂದು, ವಿದ್ಯಾರ್ಥಿಗಳ ವಿಷಯ ಬಂದಾಗ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಇರಬೇಕು ಎಂದಿದೆ. ಹೀಗಾದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಯ ಕೊಡಬಹುದು. 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ನಿನ್ನ ಹೆಸರು ಹೊರಗೆ ಹಾಕುವ ಹಾಗಿಲ್ಲ.

ನಿನಗೆ ತುಂಬಾ ಬೇಕಾಗಿರುವುದು, ಹೆಚ್ಚಿನವರಿಗೆ ಗೊತ್ತಿಲ್ಲದಿರುವುದು ಒಂದಿದೆ. ವಿಚಾರಣೆ ನಡೆಯುವಾಗ ಆ ಶಿಕ್ಷಕರು ನಿನ್ನ ಓದಿನ ಯಾವ ಕೆಲಸವನ್ನೂ ನೋಡಿಕೊಳ್ಳದ ಹಾಗೆ ತಡೆಯಿರಿ ಅಂತ ಸಮಿತಿಯನ್ನು ನೀನು ಲಿಖಿತವಾಗಿ ಕೇಳಬಹುದು. ಇದು ಆ ಕಾನೂನಿನ ನಿಯಮಗಳಲ್ಲೇ ಇದೆ. ಅಂದರೆ ನಿನ್ನ ಇಂಟರ್ನಲ್ಸ್, ನಿನ್ನ ಪ್ರಾಕ್ಟಿಕಲ್, ನಿನ್ನ ಲಾಗ್ ಬುಕ್ ಸಹಿ ಬೇರೆಯವರ ಕೈಗೆ ಹೋಗುತ್ತದೆ. ದೂರು ಕೊಡುವಾಗಲೇ ಈ ಸಾಲನ್ನೂ ಬರೆ.

ಸಮಿತಿ ಬರೀ ಬೋರ್ಡಿನ ಮೇಲಿದ್ದರೆ? ಅಥವಾ ಕಾಲೇಜು ನಡೆಸುವವರ ಮೇಲೆಯೇ ದೂರಿದ್ದರೆ? ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ ದಾರಿ ಕೇಳಬಹುದು, ಪೊಲೀಸರ ಹತ್ತಿರ ಹೋಗುವ ಹಕ್ಕು ಯಾವಾಗಲೂ ಇದೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಲು ಆಗದಿದ್ದರೆ ಒಬ್ಬ ಚಿಕ್ಕಮ್ಮನೋ ಅತ್ತೆಯೋ ಇರುತ್ತಾರಲ್ಲ, ಓದಿದವರು, ಗಟ್ಟಿ ಇರುವವರು, ಅವರಿಗೆ ಹೇಳು. ಮತ್ತೆ ಬ್ಯಾಚಿನಲ್ಲಿ ಮೆಲ್ಲಗೆ ಕೇಳಿ ನೋಡು. ಇಂಥವರು ಒಬ್ಬಳಿಗೇ ಮೆಸೇಜ್ ಮಾಡಿ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಬೇರೆ ಸರ್‌ಗಳ ಥರ ಅಲ್ಲ, ನಮ್ಮದು ನಿಜವಾದ ಪ್ರೀತಿ. ನಾನು ಏಳನೇ ಸೆಮಿಸ್ಟರ್. ಅವರು ಟ್ಯೂಟರ್, ಮದುವೆ ಆಗಿಲ್ಲ. ಕೋರ್ಸ್ ಮುಗಿದ ಮೇಲೆ ಮದುವೆ ಎಂದಿದ್ದಾರೆ. ಈಗಲೇ ಹೊರಗೆ ಓಡಾಡುವುದರಲ್ಲಿ ತಪ್ಪಿದೆಯಾ? (ಮೈಸೂರು)

ಉತ್ತರ: ಮೇಲಿನ ಪತ್ರ ನೀನು ನೋಡಿರಲು ಸಾಧ್ಯವಿಲ್ಲ, ಆದರೂ "ಬೇರೆ ಸರ್‌ಗಳ ಥರ ಅಲ್ಲ" ಎಂದು ಬರೆದಿದ್ದೀಯ. ಅಂದರೆ ಕಾಲೇಜಿನಲ್ಲಿ ಇಂಥದ್ದು ನಡೆಯುವುದು ನಿನಗೂ ಗೊತ್ತು.

ಪ್ರೀತಿ ತಪ್ಪು ಅಂತ ನಾನು ಹೇಳುವುದಿಲ್ಲ. ನಿನಗೆ ಅವರು ಅಂಕ ಹಾಕುತ್ತಿರುವವರೆಗೆ ನೀವಿಬ್ಬರೂ ಸಮ ಅಲ್ಲ, ಅಷ್ಟೆ. ನಾಳೆ ನಿನಗೆ ಒಳ್ಳೆ ಅಂಕ ಬಂದರೆ ನಿನ್ನ ಗೆಳತಿಯರೇ ಆಡಿಕೊಳ್ಳುತ್ತಾರೆ. ಜಗಳ ಆಗಿ ಅಂಕ ಕಡಿಮೆ ಬಂದರೆ ಯಾಕೆ ಅಂತ ನಿನಗೆ ಯಾವತ್ತೂ ಖಚಿತವಾಗಿ ತಿಳಿಯುವುದಿಲ್ಲ. ಹಾಗಾಗಿ ಎಂಟನೇ ಸೆಮಿಸ್ಟರ್ ಮುಗಿಯುವವರೆಗೆ ಕಾಯೋಣ ಅನ್ನು. ನನ್ನ ಪೇಪರ್, ನನ್ನ ಪ್ರಾಕ್ಟಿಕಲ್ ನೀವು ನೋಡಬೇಡಿ, ಪ್ರಿನ್ಸಿಪಾಲರಿಗೆ ನೀವೇ ಹೇಳಿ ಬೇರೆಯವರಿಗೆ ಕೊಡಿಸಿ ಅನ್ನು. ಅವರು ಏನು ಉತ್ತರ ಕೊಡುತ್ತಾರೆ ನೋಡು. ಆ ಉತ್ತರ ಬಂದ ಮೇಲೆ ಬೇಕಾದರೆ ಮತ್ತೆ ನನಗೆ ಬರೆ.

ಪ್ರಶ್ನೆ: ಬೆಂಗಳೂರಿನ ಕಾಲೇಜಿನಲ್ಲಿದ್ದೇನೆ. ಬ್ಯಾಚಿನಲ್ಲಿ ಹೆಚ್ಚಿನವರು ಕೇರಳದವರು, ಮೇಡಂ ಕೂಡ. ವಾರ್ಡಿನಲ್ಲಿ ಮೇಡಂ ಅವರಿಗೆ ಮಲಯಾಳಂನಲ್ಲಿ ವಿವರಿಸುತ್ತಾರೆ, ನಾವು ಕನ್ನಡದ ನಾಲ್ಕೈದು ಜನ ಮುಖ ಮುಖ ನೋಡುತ್ತೇವೆ. (ಬೆಂಗಳೂರು)

ಉತ್ತರ: ಜಗಳ ಬೇಡ, ಕೈ ಎತ್ತಿ "ಮೇಡಂ, ಇಂಗ್ಲಿಷಿನಲ್ಲಿ ಹೇಳಿ, ನಮಗೂ ಬೇಕು" ಎನ್ನಿ. ಪ್ರತಿ ಸಲ ಎನ್ನಿ. ಹೆಚ್ಚಿನವರು ಬೇಕಂತ ಮಾಡುವುದಿಲ್ಲ, ಬಾಯಿಗೆ ಬಂದ ಭಾಷೆ ಬರುತ್ತದೆ. ಪೇಷೆಂಟ್ ಪಕ್ಕದಲ್ಲಿ ನಿಂತು ಅವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡಿದರೆ ಅವರಿಗೂ ಗಾಬರಿ, ನನಗೇನೋ ದೊಡ್ಡ ಕಾಯಿಲೆ ಇದೆ ಅಂತ ಅಂದುಕೊಳ್ಳುತ್ತಾರೆ, ಇದನ್ನೂ ಹೇಳಿ.

ನಿಮ್ಮ ಕೈಯಲ್ಲೂ ಒಂದು ಶಕ್ತಿ ಇದೆ. ಎದೆ ಹಿಡಕೊಂಡಂಗೆ ಆಗ್ತದೆ, ತಲೆ ಧಿಮ್ ಅಂತದೆ, ಹೊಟ್ಟೆ ಉಬ್ಬರ ಅಂತ ಪೇಷೆಂಟ್ ಹೇಳುವುದು ನಿಮಗೆ ಮಾತ್ರ ಪೂರ್ತಿ ತಿಳಿಯುತ್ತದೆ. ಕೇರಳದ ಗೆಳತಿಯರಿಗೆ ಇವನ್ನು ಕಲಿಸಿ, ಅವರಿಂದ ಓದಿನಲ್ಲಿ ಸಹಾಯ ತಗೊಳ್ಳಿ. ಮೇಡಂಗೂ ಕಲಿಸಿ. ಕಲಿಯುವ ಮೇಡಂ ಆದರೆ ಖುಷಿ ಪಡುತ್ತಾರೆ.

ಪ್ರಶ್ನೆ: ನಾವು ರಾಯಚೂರು ಕಡೆ ಒಕ್ಕಲುತನದವರು. ಮಗಳು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ, ನಮ್ಮ ಮನೆಯಲ್ಲಿ ಕಾಲೇಜು ಕಂಡವಳು ಅವಳೇ ಮೊದಲು. ಇಂಟರ್ನಲ್ ಅಂಕ ಕಡಿಮೆ ಬಂದಿದೆಯಂತೆ. ದೀಪಾವಳಿಗೆ ಮೇಡಂಗೆ ಒಂದು ಇಳಕಲ್ ಸೀರೆ ಕೊಟ್ಟರೆ ಸರಿ ಹೋಗುತ್ತದೆ ಎಂದು ಊರಿನವರೊಬ್ಬರು ಹೇಳಿದರು. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬರುವವರ ಊಟ, ಉಡುಗೊರೆಗೆ ಅಂತ ಮಕ್ಕಳೆಲ್ಲ ಸೇರಿ ದುಡ್ಡು ಕೂಡಿಸುತ್ತಿದ್ದಾರಂತೆ. ಕೊಡಬೇಕಾ?

ಉತ್ತರ: ಯಜಮಾನರೇ, ಆ ಸೀರೆ ನಿಮ್ಮ ಮನೆಯವರಿಗೆ ಕೊಡಿ.

ಮೇಡಂ ಒಳ್ಳೆಯವರಾಗಿದ್ದರೆ ನಿಮ್ಮ ಸೀರೆ ನೋಡಿ ಮುಜುಗರ ಪಡುತ್ತಾರೆ. ಒಳ್ಳೆಯವರಲ್ಲದಿದ್ದರೆ ಮುಂದಿನ ವರ್ಷ ಇನ್ನೊಂದು ಸೀರೆ ಬೇಕಾಗುತ್ತದೆ. ನಿಮ್ಮ ಮಗಳಿಗೆ ಎರಡರಿಂದಲೂ ಲಾಭ ಇಲ್ಲ. ಕೋರ್ಸ್ ಮುಗಿದು ರಿಸಲ್ಟ್ ಬಂದ ಮೇಲೆ ನಿಮ್ಮ ಹೊಲದ ಶೇಂಗಾ ಒಂದು ಚೀಲ ತಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹಂಚಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಾನೂ ಅಂಥ ಶೇಂಗಾ ತಿಂದವಳೇ.

ಪರೀಕ್ಷೆಯ ದುಡ್ಡು. ಹೊರಗಿನಿಂದ ಬರುವ ಪರೀಕ್ಷಕರಿಗೆ ಸಂಭಾವನೆ, ಪ್ರಯಾಣದ ಖರ್ಚು ಎಲ್ಲ ವಿಶ್ವವಿದ್ಯಾಲಯವೇ ಕೊಡುತ್ತದೆ. ಮಕ್ಕಳು ಕೊಡಬೇಕಿಲ್ಲ. "ರಸೀತಿ ಕೊಡುತ್ತೀರಾ?" ಅಂತ ಮಗಳು ಮರ್ಯಾದೆಯಿಂದ ಕೇಳಲಿ. ಒಬ್ಬಳೇ ಕೇಳಿದರೆ ಅವಳನ್ನು ಗುರುತು ಹಿಡಿಯುತ್ತಾರೆ ಅಂತ ನಿಮಗೆ ಭಯ ಇರಬಹುದು, ಅದು ಸುಳ್ಳು ಭಯ ಅಂತ ನಾನು ಹೇಳಲಾರೆ. ಹಾಗಾಗಿ ನಾಲ್ಕು ಮಕ್ಕಳ ತಂದೆ ತಾಯಿ ಸೇರಿ ಪ್ರಿನ್ಸಿಪಾಲರನ್ನೇ ಕೇಳಿ, ಇದು ಕಾಲೇಜಿನ ದುಡ್ಡಾ ಅಥವಾ ಯಾರೋ ಕೂಡಿಸುವ ದುಡ್ಡಾ ಅಂತ. ಎಷ್ಟೋ ಕಡೆ ಈ ಪ್ರಶ್ನೆ ಕೇಳಿದ ಕೂಡಲೇ ವಸೂಲಿ ನಿಂತುಬಿಡುತ್ತದೆ, ಯಾಕೆಂದರೆ ಅದಕ್ಕೆ ಲೆಕ್ಕ ಇರುವುದಿಲ್ಲ.

ಇಂಟರ್ನಲ್ ಅಂಕ ಯಾಕೆ ಕಡಿಮೆ ಬಂತು ಅನ್ನುವುದನ್ನು ಮಗಳ ಕೈಯಲ್ಲೇ ಕೇಳಿಸಿ. ಬರೆಯುವ ಪರೀಕ್ಷೆಯಲ್ಲಿ ಹೋಯಿತಾ, ಅಸೈನ್‌ಮೆಂಟ್ ತಡವಾಗಿ ಕೊಟ್ಟಳಾ, ಹಾಜರಿ ಕಡಿಮೆ ಇದೆಯಾ? ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಮೊದಲ ಒಂದೆರಡು ಸೆಮಿಸ್ಟರ್ ಅನಾಟಮಿ, ಫಿಸಿಯಾಲಜಿ ಇಂಗ್ಲಿಷಿನಲ್ಲಿ ಬರೆಯುವುದು ನಿಜಕ್ಕೂ ಕಷ್ಟ, ಓದಿಲ್ಲ ಅಂತಲ್ಲ, ಬರೆಯಲು ಬರುವುದಿಲ್ಲ. ಅವಳದ್ದು ಅದೇ ಆಗಿದ್ದರೆ ವಾರಕ್ಕೆ ಎರಡು ದಿನ ಉತ್ತರ ಬರೆದು ಮೇಡಂಗೆ ತೋರಿಸಲಿ. "ಮೇಡಂ, ಇದನ್ನು ಸ್ವಲ್ಪ ತಿದ್ದಿ ಕೊಡ್ತೀರಾ" ಅಂತ ಬಂದ ಮಗುವನ್ನು ವಾಪಸ್ ಕಳಿಸುವ ಮೇಡಂಗಳು ಕಡಿಮೆ. ಪೋಷಕರ ಸಭೆಗೆ ನೀವೂ ಒಮ್ಮೆ ಹೋಗಿ ಬನ್ನಿ. ರಾಶಿ ಮಾಡುವ ಸಮಯ, ಬರಲಿಕ್ಕೆ ಆಗುವುದಿಲ್ಲ ಅಂದರೆ ಫೋನ್ ಮಾಡಿ, ಆದರೆ ಬೆಳಿಗ್ಗೆ ಬೇಡ, ಅವರು ವಾರ್ಡಿನಲ್ಲಿರುತ್ತಾರೆ.